ರ‍್ಯಾಮ್ ಕೊಳ್ಳುವ ಮುನ್ನ ಪೆಟ್ಟಿಗೆ ತೆರೆದು ನೋಡಿ

ಸಹೋದರಿಯರೇ, ಮನೆಯ ಹಳೆಯ ಕಂಪ್ಯೂಟರ್ ನಿಧಾನವಾದಾಗ "ಇನ್ನೊಂದು ರ‍್ಯಾಮ್ ಹಾಕಿಸಿ" ಎಂಬ ಸಲಹೆ ಯಾರಿಂದಲಾದರೂ ಬಂದೇ ಬರುತ್ತದೆ. ಸಲಹೆ ತಪ್ಪಲ್ಲ. ಹಾರ್ಡ್ ಡಿಸ್ಕ್ ಉಗ್ರಾಣವಾದರೆ ರ‍್ಯಾಮ್ ಅಡುಗೆ ಕಟ್ಟೆ ಇದ್ದಂತೆ. ಕಟ್ಟೆ ಚಿಕ್ಕದಾದರೆ ಪ್ರತಿಯೊಂದಕ್ಕೂ ಉಗ್ರಾಣಕ್ಕೆ ಓಡಬೇಕು. ಆದರೆ ಎಲ್ಲ ಕಂಪ್ಯೂಟರಿಗೂ ಎಲ್ಲ ರ‍್ಯಾಮ್ ಹೊಂದುವುದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯ ಆಸುಪಾಸಿನವರು ಹೊಂದದ ರ‍್ಯಾಮನ್ನು ಅದೇ ಸಂಜೆ ಅಂಗಡಿಗೆ ಒಯ್ಯಬಹುದು. ಹುನಗುಂದ ತಾಲೂಕಿನ ರಾಮಥಾಳದಂತಹ ಊರಿನವರು ಇಳಕಲ್ಲಿಗೋ ಬಾಗಲಕೋಟೆಗೋ ಇನ್ನೊಮ್ಮೆ ಹೋಗಬೇಕು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಬಸ್ ಖರ್ಚು ಉಳಿದರೂ ದಿನವಂತೂ ಹೋಗುತ್ತದೆ. ಮೇಲಾಗಿ 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ಬೃಹತ್ ಕೇಂದ್ರಗಳಿಗಾಗಿ ಮೆಮೊರಿ ಚಿಪ್‌ಗಳ ಬೇಡಿಕೆ ಹೆಚ್ಚಿ ಬೆಲೆ ತೀವ್ರವಾಗಿ ಏರಿತು. ಕೂಡಿಟ್ಟ ಹಣ ವ್ಯರ್ಥವಾಗಬಾರದಲ್ಲವೇ?

ಮೊದಲು ರ‍್ಯಾಮ್ ನಿಜಕ್ಕೂ ಬೇಕೇ ಎಂದು ನೋಡಿ. ವಿಂಡೋಸ್ 10 ಅಥವಾ 11 ಇದ್ದರೆ, ಎಂದಿನ ಕೆಲಸ ನಡೆಯುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ವಿಭಾಗದ ಮೆಮೊರಿಯಲ್ಲಿ ಎಷ್ಟು ತುಂಬಿದೆ, ವೇಗವೆಷ್ಟು, ಎಷ್ಟು ಸ್ಲಾಟ್‌ಗಳಲ್ಲಿ ಎಷ್ಟು ಬಳಕೆಯಲ್ಲಿವೆ ಎಂಬುದು ಕಾಣುತ್ತದೆ. ಅರ್ಧವೂ ತುಂಬಿಲ್ಲದಿದ್ದರೆ ನಿಧಾನಕ್ಕೆ ಕಾರಣ ಬೇರೆ. ಬಹಳ ಸಲ ಅದು ಹಳೆಯ ಹಾರ್ಡ್ ಡಿಸ್ಕ್. ವಿಂಡೋಸ್ 32 ಬಿಟ್‌ನದಾಗಿದ್ದರೆ 4 ಜಿಬಿಗಿಂತ ಹೆಚ್ಚಿನ ರ‍್ಯಾಮ್ ಹಾಕಿಯೂ ಫಲವಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿತು. ಪ್ರೊಸೆಸರ್ ತೀರಾ ಹಳೆಯದಾಗಿದ್ದರೆ ಎಷ್ಟೇ ರ‍್ಯಾಮ್ ಹಾಕಿದರೂ ಅದು ವಿಂಡೋಸ್ 11ಕ್ಕೆ ಅರ್ಹವಾಗದು. ಅಂತಹ ಪೆಟ್ಟಿಗೆಗೆ ಹಣ ಸುರಿಯುವುದು ನನ್ನ ದೃಷ್ಟಿಯಲ್ಲಿ ಜಾಣತನವಲ್ಲ.

ಇನ್ನು ಹೊಂದಾಣಿಕೆ. ರಾಮಥಾಳದ ಹೆಸರನ್ನು ನೀವು 24,000 ಹೆಕ್ಟೇರಿನ ಹನಿ ನೀರಾವರಿ ಯೋಜನೆಯಿಂದ ಕೇಳಿರಬಹುದು. ಹನ್ನೆರಡು ಮಿಲಿಮೀಟರಿನ ಜೋಡಣೆ ಹದಿನಾರರ ಪೈಪಿಗೆ ಕೂರದೆಂದು ಹನಿ ನೀರಾವರಿ ಮಾಡುವ ಮನೆಗಳಲ್ಲಿ ಹೆಂಗಸರಿಗೂ ಗೊತ್ತು. ರ‍್ಯಾಮ್ ಕೂಡ ಹಾಗೆಯೇ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ಪೀಳಿಗೆಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಚಿನ್ನದ ಬಣ್ಣದ ಹಲ್ಲುಗಳ ನಡುವಿನ ಕಚ್ಚು ಒಂದೊಂದರಲ್ಲಿ ಒಂದೊಂದು ಕಡೆಗಿರುತ್ತದೆ. ಒತ್ತಿ ಕೂರಿಸಲು ಹೋದರೆ ಸ್ಲಾಟೇ ಮುರಿದೀತು. ಡೆಸ್ಕ್‌ಟಾಪಿನ ಪಟ್ಟಿ ಸುಮಾರು 13 ಸೆಂಟಿಮೀಟರ್ ಉದ್ದ. ಲ್ಯಾಪ್‌ಟಾಪಿನದು ಅದರ ಅರ್ಧದಷ್ಟು. ಪುಸ್ತಕದಷ್ಟೇ ಗಾತ್ರದ ಚಿಕ್ಕ ಡೆಸ್ಕ್‌ಟಾಪ್‌ಗಳಲ್ಲಿ ಲ್ಯಾಪ್‌ಟಾಪಿನ ಪಟ್ಟಿಯೇ ಇರುವುದುಂಟು. ಆದ್ದರಿಂದ ವಿದ್ಯುತ್ ತಂತಿ ಕಿತ್ತು, ಪಕ್ಕದ ಮುಚ್ಚಳ ತೆಗೆದು, ಹಳೆಯ ಪಟ್ಟಿಯ ಮೇಲಿನ ಚೀಟಿಯನ್ನು ಓದಿ ಬರೆದುಕೊಳ್ಳಿ. ಪಿಸಿ3-12800 ಎಂದಿದ್ದರೆ ಅದು 1600 ವೇಗದ ಡಿಡಿಆರ್3. ಬೇರೆ ವೇಗದ್ದು ಜೊತೆಗಿಟ್ಟರೆ ಸಾಮಾನ್ಯವಾಗಿ ಎರಡೂ ನಿಧಾನದ್ದರ ವೇಗಕ್ಕಿಳಿಯುತ್ತವೆ, ಅಷ್ಟೇ. ಮದರ್‌ಬೋರ್ಡ್‌ನ ಹೆಸರನ್ನೂ ಬರೆದುಕೊಂಡು ಗರಿಷ್ಠ ಎಷ್ಟು ಜಿಬಿ ಒಪ್ಪುತ್ತದೆಂದು ತಯಾರಕರ ಕೈಪಿಡಿಯಲ್ಲಿ ನೋಡಿ.

ಕಣ್ಣಿಗೆ ಕಾಣದ ವ್ಯತ್ಯಾಸಗಳೇ ಹೆಚ್ಚು ಮೋಸ ಮಾಡುತ್ತವೆ. ಸರ್ವರ್‌ಗಳಿಂದ ಕಳಚಿದ ಡಿಡಿಆರ್3 ಪಟ್ಟಿಗಳು ಅಗ್ಗವಾಗಿ ಸಿಗುತ್ತವೆ, ಸ್ಲಾಟಿನಲ್ಲಿ ಕೂರುತ್ತವೆ, ಆದರೆ ಸಾಮಾನ್ಯ ಡೆಸ್ಕ್‌ಟಾಪ್ ಆರಂಭವಾಗುವುದಿಲ್ಲ. ಚೀಟಿಯಲ್ಲಿ 12800ರ ಮುಂದೆ 'ಆರ್' ಅಕ್ಷರವಿದ್ದರೆ ಬೇಡ, 'ಯು' ಇರಲಿ. 'ಎಎಮ್‌ಡಿಗೆ ಮಾತ್ರ' ಎಂಬ ಅಗ್ಗದ ಪಟ್ಟಿಗಳು ಇಂಟೆಲ್ ಮದರ್‌ಬೋರ್ಡ್‌ನಲ್ಲಿ ಕೆಲಸ ಮಾಡುವುದಿಲ್ಲ. ಡಿಡಿಆರ್3 ಬಳಸುವ ಹಳೆಯ ಜಿ41 ಬೋರ್ಡ್‌ಗಳು 4 ಜಿಬಿಯನ್ನು ಎಂಟೇ ಚಿಪ್‌ಗಳಲ್ಲಿ ಅಡಕಗೊಳಿಸಿದ ಪಟ್ಟಿಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಇಲ್ಲಿ ವ್ಯಾಪಾರದ ನಿಯಮವೂ ಬರುತ್ತದೆ. ಸಂತೆಯಲ್ಲಿ ಪ್ರವಾದಿ ಮುಹಮ್ಮದ್(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ಒದ್ದೆಯಾಗಿತ್ತು. ಅದನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತೆಂದು ಅವರು ವ್ಯಾಪಾರಿಗೆ ತಿಳಿಸಿದ ಹದೀಸ್ ನಿಮಗೆ ತಿಳಿದದ್ದೇ. ಸರ್ವರ್ ಪಟ್ಟಿಯೆಂದು ಹೇಳದೆ ಮಾರುವುದು ಆ ಒದ್ದೆ ಧಾನ್ಯವೇ. ಮಾಲಿನಲ್ಲಿ ಬಚ್ಚಿಟ್ಟ ದೋಷ ಕಂಡರೆ ಹಿಂದಿರುಗಿಸುವ ಹಕ್ಕನ್ನು ಫಿಕ್‌ಹ್‌ನಲ್ಲಿ ಖಿಯಾರುಲ್ ಐಬ್ ಎನ್ನುತ್ತಾರೆ. ಆದರೆ ಮಾಲು ನಿರ್ದೋಷಿಯಾಗಿದ್ದು, ಅಂಗಡಿಯವರು ಏನನ್ನೂ ಮುಚ್ಚಿಡದೆ, ನಿಮ್ಮ ಬೋರ್ಡಿಗಷ್ಟೇ ಹೊಂದದಿದ್ದರೆ ಅವರ ತಪ್ಪೇನು? ಅದಕ್ಕೆ ಖಿಯಾರುಶ್ಶರ್ತ್ ಇದೆ. ಹೊಂದದಿದ್ದರೆ ವಾಪಸ್ ಎಂಬ ಷರತ್ತನ್ನು ಹಣ ಕೊಡುವ ಮೊದಲೇ ಮಾತಾಡಿಕೊಳ್ಳುವುದು. ಇದಕ್ಕೆ ಇಮಾಮ್ ಅಬೂ ಹನೀಫಾ(ರ) ಹೇಳಿದ ಗರಿಷ್ಠ ಅವಧಿ ಮೂರು ದಿನ. ಆ ಷರತ್ತನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಸಾಧ್ಯವಾದರೆ ಹಳೆಯ ಪಟ್ಟಿಯನ್ನೇ ಬಟ್ಟೆಯಲ್ಲಲ್ಲ, ಅದಕ್ಕೆಂದೇ ಇರುವ ಬೆಳ್ಳಿ ಬಣ್ಣದ ಚೀಲದಲ್ಲಿ ಒಯ್ಯಿರಿ.

ತಂದ ದಿನವೇ ಹಾಕಿ ನೋಡಿ. ಮೊದಲು ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಇಳಿಸಿಕೊಳ್ಳಿ. ಕಚ್ಚು ನೋಡಿ ಕೂರಿಸಿ, ತುದಿಯ ಕೊಂಡಿ ಟಕ್ಕೆನ್ನುವವರೆಗೆ ಒತ್ತಿ. ಬೀಪ್ ಸದ್ದು ಬಂದು ಪರದೆ ಕಪ್ಪಾಗಿಯೇ ಉಳಿದರೆ ತಂತಿ ಕಿತ್ತು, ಪಟ್ಟಿ ತೆಗೆದು ಮತ್ತೆ ಕೂರಿಸಿ. ಆರಂಭವಾದರೆ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಎಂಬ ಪರೀಕ್ಷೆಯನ್ನು ಓಡಿಸಿ. ದೋಷ ತೋರಿಸಿದರೆ ಬಿಲ್ಲು ಹಿಡಿದು ಆ ಮೂರು ದಿನಗಳೊಳಗೇ ಹೋಗಿ.