ಹಳೆ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸ್ತೀರಾ? ಮೊದಲು ಆರ್‌ಸಿ ನೋಡಿ, ಆಮೇಲೆ ಗ್ಯಾರೇಜಿಗೆ ಹೋಗಿ

ಮಲೆನಾಡಿನ ಕಡೆ ಎಷ್ಟೋ ಮನೆಗಳ ಶೆಡ್ಡಿನಲ್ಲಿ ಈಗಲೂ ಒಂದು ಹಳೆ ಪೆಟ್ರೋಲ್ ಜೀಪು ಅಥವಾ ಹಿಂದೆ ತೊಟ್ಟಿ ಇರುವ ಪಿಕಪ್ ನಿಂತಿರುತ್ತೆ. ಬಾಡಿ ಗಟ್ಟಿ, ಚಾಸಿ ಗಟ್ಟಿ, ಫೋರ್ ವ್ಹೀಲ್ ಕೂಡ ಹಿಡಿಯುತ್ತೆ. ಆದರೆ ಪೆಟ್ರೋಲ್ ಕುಡಿಯೋದು ನೋಡಿ ಯಾರೂ ಕೀ ಮುಟ್ಟಲ್ಲ. ಕಾಫಿ ಮೂಟೆ ಹೊರಲು, ಅಂಗಡಿಗೆ ಸಂತೆಯಿಂದ ಸಾಮಾನು ತರಲು ಇದಕ್ಕೇ ಒಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಎಂಜಿನ್ ಕೂರಿಸಿಬಿಟ್ಟರೆ ಹೇಗೆ ಅನ್ನೋ ಲೆಕ್ಕಾಚಾರ ಸುಮಾರು ಜನ ಹಾಕ್ತಾರೆ. ಗ್ಯಾರೇಜಿನಲ್ಲಿ ಕೇಳಿದರೆ "ಆಗುತ್ತೆ" ಅನ್ನೋ ಉತ್ತರವೇ ಬರುತ್ತೆ. ಆಗೋದು ನಿಜ. ಆದರೆ ಆಮೇಲೆ ಎಫ್‌ಸಿಗೆ ಹೋದಾಗ, ಮಾರಲು ಹೋದಾಗ, ದೇವರು ಮಾಡಬಾರದು, ಅಪಘಾತವಾದಾಗ ಏನಾಗುತ್ತೆ ಅನ್ನೋದನ್ನು ಮೊದಲೇ ತಿಳಿದುಕೊಂಡರೆ ದುಡ್ಡು, ನೆಮ್ಮದಿ ಎರಡೂ ಉಳಿಯುತ್ತೆ.

ಈ ಆಸೆ ಹುಟ್ಟಿದ್ದು ಹೇಗೆ?

ಎರಡನೇ ಮಹಾಯುದ್ಧದ ನಂತರ ನಮ್ಮ ದೇಶದಲ್ಲಿ ಓಡಿದ ವಿಲ್ಲೀಸ್ ಜೀಪುಗಳು ಪೆಟ್ರೋಲ್ ಗಾಡಿಗಳು. ನಾಲ್ಕು ಸಿಲಿಂಡರ್, ಸುಮಾರು 2,200 ಸಿಸಿ. ಮುಂದೆ ಮಹೀಂದ್ರಾ ಕಂಪನಿ ಇಲ್ಲೇ ಜೀಪು ಕಟ್ಟಲು ಶುರು ಮಾಡಿದಾಗಲೂ ಮೊದಲು ಬಂದಿದ್ದು ಪೆಟ್ರೋಲ್ ಎಂಜಿನ್ನೇ. ಆಮೇಲೆ ಟ್ರ್ಯಾಕ್ಟರ್ ಮೂಲದ ಇಂಟರ್‌ನ್ಯಾಷನಲ್ ಡೀಸೆಲ್ ಬಂತು, 1980ರ ದಶಕದಲ್ಲಿ ಪ್ಯೂಜೋ ಡೀಸೆಲ್ ಬಂತು. ಪ್ಯೂಜೋ ಎಂಜಿನ್ನಿನ ಹೆಸರಲ್ಲಿದ್ದ 4.90 ಅಂದರೆ ನಾಲ್ಕು ಸಿಲಿಂಡರ್, ಒಂದೊಂದರ ಅಗಲ 90 ಮಿಲಿಮೀಟರ್. ಒಟ್ಟು 2,112 ಸಿಸಿ. ಕಂಪನಿಯೇ ಅದೇ ಜೀಪಿಗೆ ಡೀಸೆಲ್ ಹಾಕಿ ಮಾರಿದ ಮೇಲೆ, ಹಳೆ ಪೆಟ್ರೋಲ್ ಜೀಪು ಇದ್ದವರೂ ಎಂಜಿನ್ ಬದಲಿಸಿಕೊಂಡರು. ಆಗ ಇದು ಮಾಮೂಲಿ ಕೆಲಸ. ಹಾಗೆ ಬದಲಾದ ಗಾಡಿಗಳ ಹಳೆ ಆರ್‌ಸಿ ಪುಸ್ತಕದಲ್ಲಿ ಡೀಸೆಲ್ ಎಂದು ಸೀಲು ಹೊಡೆದು ಬರೆದಿರುವುದನ್ನು ಈಗಲೂ ನೋಡಬಹುದು.

ಇದಕ್ಕೆ ದೊಡ್ಡ ಕಾರಣ ರೇಟು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂ. ದಾಟಿದ್ದಾಗ ಡೀಸೆಲ್ 41 ರೂ. ಆಸುಪಾಸಿನಲ್ಲಿತ್ತು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆ ಮೇಲಿನ ಸರ್ಕಾರದ ಹಿಡಿತ ಹೋಯಿತು, ಅಂತರವೂ ಕರಗುತ್ತಾ ಬಂತು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ತೆರಿಗೆ ಏರಿಸಿದ ಮೇಲೆ ಬೆಂಗಳೂರಿನಲ್ಲಿ ಡೀಸೆಲ್ ಸುಮಾರು 91 ರೂ., ಪೆಟ್ರೋಲ್ ಸುಮಾರು 103 ರೂ. ಆಯಿತು. 32 ರೂಪಾಯಿ ಅಂತರದ ಕಾಲದಲ್ಲಿ ಹೊಂದುತ್ತಿದ್ದ ಲೆಕ್ಕ 12 ರೂಪಾಯಿ ಅಂತರದ ಕಾಲಕ್ಕೆ ಹಾಗೇ ಹೊಂದಲ್ಲ.

ಒಂದು ಸಾದಾ ಲೆಕ್ಕ

ಹಳೆ ಪೆಟ್ರೋಲ್ ಜೀಪು ಲೀಟರಿಗೆ 8 ಕಿ.ಮೀ., ಡೀಸೆಲ್ ಹಾಕಿದ ಮೇಲೆ 12 ಕಿ.ಮೀ. ಕೊಡುತ್ತೆ ಅಂತ ಇಟ್ಟುಕೊಳ್ಳಿ. ಎಂಜಿನ್, ಗೇರ್‌ಬಾಕ್ಸ್ ಕೆಲಸ, ವೈರಿಂಗ್, ಕೂಲಿ ಎಲ್ಲಾ ಸೇರಿ 1.5 ಲಕ್ಷ ರೂ. ಆಯ್ತು ಅಂತಲೂ ಇಟ್ಟುಕೊಳ್ಳಿ.

ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ ಪೆಟ್ರೋಲ್‌ಗೆ ಸುಮಾರು 12,900 ರೂ., ಡೀಸೆಲ್‌ಗೆ ಸುಮಾರು 7,600 ರೂ. ಬೇಕು. ಉಳಿತಾಯ ತಿಂಗಳಿಗೆ 5,300 ರೂ. ಹಾಕಿದ ದುಡ್ಡು ವಾಪಸ್ ಬರಲು 28 ತಿಂಗಳು.

ಅದೇ ತಿಂಗಳಿಗೆ 300 ಕಿ.ಮೀ. ಮಾತ್ರ, ಅಂದರೆ ತೋಟದಿಂದ ಪೇಟೆಗೆ ವಾರಕ್ಕೆ ಎರಡು ಮೂರು ಸಲ ಓಡಿಸುವವರಿಗೆ ಉಳಿಯೋದು ತಿಂಗಳಿಗೆ 1,600 ರೂ. ಒಳಗೆ. ದುಡ್ಡು ವಾಪಸ್ ಬರಲು ಹತ್ತಿರತ್ತಿರ 8 ವರ್ಷ. ಅಷ್ಟರಲ್ಲಿ ಆ ಎಂಜಿನ್ ಇನ್ನೊಂದು ಸಲ ಬಿಚ್ಚಲು ಬಂದಿರುತ್ತೆ. ನಿಮ್ಮ ಗಾಡಿಯ ನಿಜವಾದ ಮೈಲೇಜು, ನಿಮ್ಮ ಮೆಕ್ಯಾನಿಕ್ ಹೇಳುವ ಖರ್ಚು, ಇವತ್ತಿನ ರೇಟು ಹಾಕಿ ಇದೇ ಲೆಕ್ಕ ಒಂದು ಚೀಟಿಯಲ್ಲಿ ಬರೆದು ನೋಡಿ.

ಎಂಜಿನ್ ಒಂದನ್ನೇ ಬದಲಿಸಿದರೆ ಮುಗಿಯಲ್ಲ

ಪೆಟ್ರೋಲ್ ಎಂಜಿನ್ನಿಗೆ ಬೆಂಕಿ ಹಚ್ಚೋದು ಸ್ಪಾರ್ಕ್ ಪ್ಲಗ್. ಡೀಸೆಲ್‌ನಲ್ಲಿ ಪ್ಲಗ್ಗಿನ ಕಿಡಿ ಇಲ್ಲ. ಗಾಳಿಯನ್ನೇ ಇಪ್ಪತ್ತು ಪಟ್ಟಿನ ಆಸುಪಾಸು ಒತ್ತಿ, ಆ ಬಿಸಿಗೆ ಡೀಸೆಲ್ ಚಿಮ್ಮಿಸಿ ಉರಿಸುತ್ತೆ. ಹಳೆ ಜೀಪಿನ ಪೆಟ್ರೋಲ್ ಎಂಜಿನ್ ಒತ್ತುತ್ತಿದ್ದುದು ಆರೇಳು ಪಟ್ಟು ಮಾತ್ರ. ಇಷ್ಟು ಒತ್ತಡ ತಡೆಯಬೇಕಾದ್ದರಿಂದ ಡೀಸೆಲ್ ಎಂಜಿನ್ನಿನ ಬ್ಲಾಕು, ಕ್ರ್ಯಾಂಕು ಎಲ್ಲಾ ದಪ್ಪ, ತೂಕವೂ ಜಾಸ್ತಿ. ನಡುಕವೂ ಜಾಸ್ತಿ. ಅಲ್ಲಿಂದ ಕೆಲಸ ಒಂದೊಂದಾಗಿ ಹಿಂಬಾಲಿಸುತ್ತೆ.

ಮೊದಲನೆಯದು ಚಾಸಿ. ಎಂಜಿನ್ ಫೌಂಡೇಶನ್ ಹೊಸದಾಗಿ ಮಾಡಬೇಕು. ಹಳೆ ಚಾಸಿಯಲ್ಲಿ ತುಕ್ಕು, ಸೀಳು ಇದ್ದರೆ ಡೀಸೆಲ್ ನಡುಕಕ್ಕೆ ಅದು ಬೇಗ ಬಾಯಿ ಬಿಡುತ್ತೆ. ಮುಂದಿನ ಸ್ಪ್ರಿಂಗ್ ಪ್ಲೇಟು ಭಾರಕ್ಕೆ ಕೂತುಬಿಟ್ಟರೆ ಎಂಜಿನ್ನಿನ ಸಂಪು ಮುಂದಿನ ಆಕ್ಸಲಿಗೆ ತಾಗುವ ಸಂಭವವಿದೆ. ಕೂರಿಸುವಾಗ ಖಾಲಿ ಗಾಡಿಯಲ್ಲಿ ಅಳತೆ ನೋಡಿದರೆ ಸಾಲದು, ಗುಂಡಿಗೆ ಬಿದ್ದು ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಎಷ್ಟು ಜಾಗ ಉಳಿಯುತ್ತೆ ಅಂತ ನೋಡಬೇಕು.

ಎರಡನೆಯದು ಗೇರ್‌ಬಾಕ್ಸ್. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಲೇತಿನಲ್ಲಿ ಮಾಡಿಸಿದ ಪ್ಲೇಟ್ ಬೇಕಾಗಬಹುದು. ಅದು ಕೂದಲೆಳೆಯಷ್ಟು ಸೆಂಟರ್ ತಪ್ಪಿದರೂ ಕ್ಲಚ್ಚು, ಬೇರಿಂಗು ಪದೇ ಪದೇ ಹೋಗುತ್ತೆ. ಅದಕ್ಕೇ ಎಂಜಿನ್ ತರುವಾಗ ಅದರದ್ದೇ ಗೇರ್‌ಬಾಕ್ಸ್, ಫ್ಲೈವ್ಹೀಲ್, ಕ್ಲಚ್ ಸಮೇತ ತರೋದು ಲೇಸು. ಹಳೆ ಜೀಪಿನ ಮೂರು ಗೇರಿನ ಬಾಕ್ಸಿಗೆ ಡೀಸೆಲ್ ಎಳೆತ, ಮೇಲೆ ಓವರ್‌ಲೋಡ್ ಎರಡೂ ಸೇರಿದರೆ ಹಲ್ಲು ಉದುರುವುದು ನಿಶ್ಚಿತ.

ಮೂರನೆಯದು ಓಟ. ವಿಲ್ಲೀಸ್ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 4,000 ಸುತ್ತಿನವರೆಗೆ ತಿರುಗುತ್ತಿತ್ತು. ಟ್ರ್ಯಾಕ್ಟರ್ ಮೂಲದ ಡೀಸೆಲ್ ಅಷ್ಟು ತಿರುಗಲ್ಲ. ಆಕ್ಸಲಿನ ಹಲ್ಲಿನ ಲೆಕ್ಕ ಹಳೆಯದೇ ಇದ್ದರೆ ಏರಿಗೆ ಚೆನ್ನಾಗಿ ಎಳೆಯುತ್ತೆ, ಆದರೆ ಹೈವೇಯಲ್ಲಿ ಕಿರುಚುತ್ತೆ, ಸ್ಪೀಡ್ ಬರಲ್ಲ.

ನಾಲ್ಕನೆಯದು ಕರೆಂಟು, ಟ್ಯಾಂಕು. ಡೀಸೆಲ್ ತಿರುಗಿಸಲು ದೊಡ್ಡ ಸೆಲ್ಫ್ ಮೋಟಾರು, ದೊಡ್ಡ ಬ್ಯಾಟರಿ ಬೇಕು. ಆರು ವೋಲ್ಟಿನ ತೀರಾ ಹಳೆ ಜೀಪಾದರೆ ವೈರಿಂಗ್ ಪೂರ್ತಿ ಬದಲಿಸಬೇಕು. ಹೀಟರ್ ಪ್ಲಗ್ಗಿಗೆ ಬೇರೆ ಲೈನು. ಹಳೆ ಮಾದರಿಯ ಪಂಪ್ ಇರುವ ಡೀಸೆಲ್ಲು ಕೀ ಆಫ್ ಮಾಡಿದ ಮಾತ್ರಕ್ಕೆ ನಿಲ್ಲಲ್ಲ, ಸ್ಟಾಪ್ ಕೇಬಲ್ ಅಥವಾ ಸೊಲೆನಾಯ್ಡ್ ಹಾಕಲೇಬೇಕು. ಟ್ಯಾಂಕಿಗೆ ರಿಟರ್ನ್ ಲೈನ್ ಬೇಕು, ನೀರು ಬೇರೆ ಮಾಡುವ ಫಿಲ್ಟರ್ ಬೇಕು. ಹಳೆ ಪೆಟ್ರೋಲ್ ಪೂರ್ತಿ ತೆಗೆದು ತೊಳೆಯಬೇಕು. ಡೀಸೆಲ್ ಪಂಪಿಗೆ ಡೀಸೆಲ್ಲೇ ಎಣ್ಣೆ ಇದ್ದ ಹಾಗೆ. ಪೆಟ್ರೋಲ್ ಬೆರೆತರೆ ಪಂಪ್ ಸವೆಯುತ್ತೆ, ಅದರ ರಿಪೇರಿ ಅಗ್ಗದ್ದಲ್ಲ.

ಬ್ರೇಕ್ ಮರೆತರೆ ಜೀವಕ್ಕೇ ಕುತ್ತು

ಬ್ರೇಕ್ ಬೂಸ್ಟರ್ ಇರುವ ಪೆಟ್ರೋಲ್ ಗಾಡಿಗಳಲ್ಲಿ ಅದು ಕೆಲಸ ಮಾಡೋದು ಎಂಜಿನ್ ಗಾಳಿ ಎಳೆಯುವಾಗ ಹುಟ್ಟುವ ವ್ಯಾಕ್ಯೂಮಿನಿಂದ. ಬಹುತೇಕ ಡೀಸೆಲ್ ಎಂಜಿನ್ನುಗಳಲ್ಲಿ ಗಾಳಿ ದಾರಿಗೆ ಅಡ್ಡ ಬಾಗಿಲೇ ಇರಲ್ಲ, ಹಾಗಾಗಿ ಆ ವ್ಯಾಕ್ಯೂಮ್ ಹುಟ್ಟಲ್ಲ. ಆಲ್ಟರ್ನೇಟರ್ ಜೊತೆ ಅಥವಾ ಬೇರೆಯಾಗಿ ವ್ಯಾಕ್ಯೂಮ್ ಪಂಪ್ ಹಾಕದೆ ಗಾಡಿ ಹೊರಗೆ ತೆಗೆದರೆ ಪೆಡಲು ಕಲ್ಲಿನ ಹಾಗೆ ಗಟ್ಟಿಯಾಗುತ್ತೆ. ಚಾರ್ಮಾಡಿಯಂಥ ಘಾಟಿಯಲ್ಲಿ ಲೋಡು ತುಂಬಿಕೊಂಡು ಇಳಿಯುವಾಗ ಇದು ಗೊತ್ತಾದರೆ ಏನು ಪ್ರಯೋಜನ? ಬೂಸ್ಟರ್ ಇಲ್ಲದ ತೀರಾ ಹಳೆ ಜೀಪುಗಳಲ್ಲೂ ಮುಂದಿನ ಭಾರ ಹೆಚ್ಚಿದ್ದಕ್ಕೆ ತಕ್ಕಂತೆ ಬ್ರೇಕ್ ಲೈನರ್, ಡ್ರಮ್ಮು, ಪೈಪು ಎಲ್ಲಾ ಹೊಸದು ಮಾಡಿಸಿಕೊಳ್ಳಬೇಕು.

ಕಾನೂನು ಏನನ್ನುತ್ತೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಇದಕ್ಕೆ ಸಂಬಂಧಿಸಿದ್ದು. 2000ದಲ್ಲಿ ಇದಕ್ಕೆ ತಿದ್ದುಪಡಿ ಬಂದು ಬಿಗಿಯಾಯಿತು. ತಯಾರಕರು ಮೊದಲು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿನ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಮಾಲೀಕರು ಗಾಡಿ ಬದಲಿಸುವಂತಿಲ್ಲ ಅನ್ನೋದು ಇದರ ಸಾರ. ಅನುಮೋದಿತ ಕಿಟ್ ಹಾಕಿಸಿ ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಯಂಥ ಬೇರೆ ಇಂಧನಕ್ಕೆ ಬದಲಾಯಿಸಲು ಷರತ್ತಿನ ಮೇಲೆ ದಾರಿ ಇದೆ. 2019ರ ಜನವರಿ 9ರಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿವರವನ್ನು ಮೀರಿ ಗಾಡಿ ಬದಲಿಸುವಂತಿಲ್ಲ ಎಂದೇ ಹೇಳಿದೆ.

ಅದೇ ವರ್ಷ ಸೇರಿದ 182ಎ ಕಲಂ ಪ್ರಕಾರ ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡೂ ಆಗಬಹುದು. ಗ್ಯಾರೇಜಿನವರು ಮಾಡಿದ್ದು ಅಂತ ಹೇಳಿ ಜಾರಿಕೊಳ್ಳಲು ಆಗಲ್ಲ.

ಹಾಗಾಗಿ ಎಂಜಿನ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಆರ್‌ಟಿಒ ಕಚೇರಿಗೆ ಹೋಗಿ ನಿಮ್ಮ ಗಾಡಿಗೆ, ನೀವು ಅಂದುಕೊಂಡ ಎಂಜಿನ್‌ಗೆ ಅನುಮತಿ ಸಿಗುತ್ತಾ ಅಂತ ಲಿಖಿತವಾಗಿ ಕೇಳಿ. ನಿಮ್ಮ ಮಾದರಿಯ ಗಾಡಿಯನ್ನು ಕಂಪನಿ ಡೀಸೆಲ್‌ನಲ್ಲಿ ತಯಾರಿಸೇ ಇಲ್ಲದಿದ್ದರೆ ದಾರಿ ಬಹಳ ಕಿರಿದು. ಅನುಮತಿ ಸಿಕ್ಕರೆ, ಬದಲಾಯಿಸಿದ 14 ದಿನದ ಒಳಗೆ ತಿಳಿಸಿ ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರು, ಇಂಧನ ಎರಡನ್ನೂ ತಿದ್ದಿಸಿಕೊಳ್ಳಬೇಕು. ಗಾಡಿ ಮೇಲೆ ಸಾಲ ಇದ್ದರೆ ಬ್ಯಾಂಕ್ ಅಥವಾ ಫೈನಾನ್ಸಿನ ಒಪ್ಪಿಗೆಯೂ ಬೇಕು.

ಎಂಜಿನ್ನಿಗೂ ಒಂದು ಜಾತಕ ಇರುತ್ತೆ

ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕ ಎಂಜಿನ್ ಯಾವ ಗಾಡಿಯದ್ದು? ಕದ್ದ ಗಾಡಿಯದ್ದಾಗಿದ್ದರೆ ನಂಬರ್ ಚೆಕ್ ಮಾಡಿದ ದಿನ ಪೊಲೀಸ್ ಠಾಣೆ ಮೆಟ್ಟಿಲು ಹತ್ತುವವರು ನೀವು. ಬಿಲ್ಲು, ಮೂಲ ಗಾಡಿಯ ಆರ್‌ಸಿ ನಕಲು, ಅದು ಸ್ಕ್ರ್ಯಾಪ್ ಆದ ಕಾಗದ ಇಲ್ಲದ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಕೈ ಹಾಕಬೇಡಿ. ನಂಬರ್ ಉಜ್ಜಿದ ಗುರುತು ಕಂಡರಂತೂ ಮಾತೇ ಬೇಡ.

ವಿಮೆ, ಹೊಗೆ ಸರ್ಟಿಫಿಕೇಟ್

ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ ಒಳಗೆ ಡೀಸೆಲ್ ಇದ್ದರೆ ಹೊಗೆ ತಪಾಸಣೆಯಲ್ಲೇ ತೊಡಕು ಶುರು. ಎರಡಕ್ಕೂ ಪರೀಕ್ಷೆಯೇ ಬೇರೆ. ಎಫ್‌ಸಿ ಅಥವಾ 15 ವರ್ಷದ ನಂತರದ ರಿನೀವಲ್‌ಗೆ ಹೋದಾಗ ಬ್ರೇಕ್ ಇನ್ಸ್‌ಪೆಕ್ಟರ್ ಎಂಜಿನ್ ನಂಬರ್ ನೋಡಿದರೆ ಗಾಡಿ ಅಲ್ಲೇ ನಿಲ್ಲುತ್ತೆ.

ವಿಮೆ ಇದಕ್ಕಿಂತ ದೊಡ್ಡದು. ತಿಳಿಸದೆ ಎಂಜಿನ್ ಬದಲಿಸಿದ್ದರೆ ಡ್ಯಾಮೇಜ್ ಕ್ಲೇಮ್ ತಳ್ಳಿಹಾಕಲು ಕಂಪನಿಗೆ ಕಾರಣ ಸಿಕ್ಕ ಹಾಗೆ. ಬೇರೆಯವರಿಗೆ ಪೆಟ್ಟಾದ ಕೇಸಿನಲ್ಲಿ ಪರಿಹಾರದ ದುಡ್ಡನ್ನು ಮಾಲೀಕರಿಂದ ವಸೂಲಿ ಮಾಡಲು ಕಂಪನಿ ಮುಂದಾಗಬಹುದು. ಮಾಂದಲಪಟ್ಟಿಯಂಥ ಕಡೆ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವವರು, ಕೂಲಿಯವರನ್ನು ತೋಟಕ್ಕೆ ಕರೆದೊಯ್ಯುವವರು ಇದನ್ನು ಎರಡು ಸಲ ಯೋಚಿಸಬೇಕು. ಒಂದು ಕೇಸು ಸಾಕು, ಡೀಸೆಲ್‌ನಲ್ಲಿ ಉಳಿಸಿದ್ದೆಲ್ಲಾ ಹೋಗಿ ತೋಟದ ಮೇಲೂ ಸಾಲ ಬರುತ್ತೆ.

ಈಗಾಗಲೇ ಬದಲಾದ ಗಾಡಿ ಕೊಳ್ಳುವವರು

ಸೆಕೆಂಡ್ ಹ್ಯಾಂಡ್ ಜೀಪು ನೋಡಲು ಹೋದಾಗ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಇಂಧನ ಯಾವುದು ಅಂತ ನೋಡಿ. ಪುಸ್ತಕದ ಆರ್‌ಸಿ ಆಗಿದ್ದರೆ ಕಂಪ್ಯೂಟರಿಗೆ ಏರಿದೆಯೇ ಅಂತ ಆರ್‌ಟಿಒದಲ್ಲಿ ವಿಚಾರಿಸಿ. ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಬಟ್ಟೆಯಲ್ಲಿ ಒರೆಸಿ, ಕಣ್ಣಾರೆ ಓದಿ ಆರ್‌ಸಿ ಜೊತೆ ತಾಳೆ ಹಾಕಿ. "ಆಮೇಲೆ ಮಾಡಿಸಿಕೊಡ್ತೀವಿ" ಅನ್ನೋ ಮಾತಿಗೆ ದುಡ್ಡು ಕೊಡಬೇಡಿ.

ಬೇರೆ ದಾರಿ ಇಲ್ವಾ?

ಇದೆ. ಓಟ ಕಡಿಮೆ ಇದ್ದರೆ ಇರೋ ಪೆಟ್ರೋಲ್ ಎಂಜಿನ್ನನ್ನೇ ಬೋರ್ ಮಾಡಿಸಿ, ವಾಲ್ವು, ಕಾರ್ಬ್ಯುರೇಟರ್ ಸರಿ ಮಾಡಿಸಿದರೆ ಮೈಲೇಜು ಎಷ್ಟೋ ಸುಧಾರಿಸುತ್ತೆ, ಕಾಗದವೂ ಹಾಗೇ ಉಳಿಯುತ್ತೆ. ನಂಬರ್ ಮ್ಯಾಚ್ ಆಗುವ ಮೂಲ ಪೆಟ್ರೋಲ್ ಜೀಪಿಗೆ ಹಳೆ ಗಾಡಿ ಪ್ರಿಯರಲ್ಲಿ ಬೆಲೆಯೂ ಇದೆ. ನಿಮ್ಮ ಗಾಡಿಗೆ ಅನುಮೋದಿತ ಗ್ಯಾಸ್ ಕಿಟ್ ಇದ್ದು, ಹತ್ತಿರದಲ್ಲಿ ಬಂಕ್ ಇದ್ದರೆ ಅದೂ ಒಂದು ದಾರಿ. ಆದರೆ ಮನೆಯ ಅಡುಗೆ ಸಿಲಿಂಡರ್ ಜೋಡಿಸೋದು ಅಪರಾಧ, ಅಪಾಯ ಎರಡೂ. ದಿನಾ ಲೋಡ್ ಹೊಡೆಯುವ ಅಂಗಡಿಯವರಿಗೆ ಕಂಪನಿಯಿಂದಲೇ ಡೀಸೆಲ್ ಆಗಿ ಬಂದ ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಳ್ಳೋದು ಎಷ್ಟೋ ಸಲ ಇದೇ ದುಡ್ಡಿನ ಆಸುಪಾಸಿನಲ್ಲಿ ಮುಗಿಯುತ್ತೆ.

ಇಷ್ಟೆಲ್ಲಾ ನೋಡಿಯೂ ಬದಲಿಸಲೇಬೇಕು ಅಂತಿದ್ದರೆ ಕ್ರಮ ಇಷ್ಟೇ: ಮೊದಲು ಚೀಟಿಯಲ್ಲಿ ಲೆಕ್ಕ, ಆಮೇಲೆ ಆರ್‌ಟಿಒ ಅನುಮತಿ, ಆಮೇಲೆ ಕಾಗದ ಇರುವ ಎಂಜಿನ್, ಆಮೇಲೆ ಗ್ಯಾರೇಜು. ಕೆಲಸ ಮುಗಿದ ಮೇಲೆ ಆರ್‌ಸಿ ತಿದ್ದುಪಡಿ, ವಿಮಾ ಕಂಪನಿಗೆ ಪತ್ರ. ಇವೆರಡೂ ಕೈಗೆ ಬರುವವರೆಗೆ ಗಾಡಿ ಶೆಡ್ಡಿನಲ್ಲೇ ಇರಲಿ. ಇಷ್ಟು ವರ್ಷ ನಿಂತಿದ್ದು ಇನ್ನೊಂದು ತಿಂಗಳು ನಿಂತರೆ ನಷ್ಟವೇನಿಲ್ಲ.