ಲೆ ಮಾನ್: ಬೆಳಗಾಗುವವರೆಗೆ ಓಡಬೇಕಾದ ಕಾರು

ಬಹುತೇಕ ಕಾರ್ ರೇಸುಗಳಲ್ಲಿ ದೂರ ನಿಗದಿಯಾಗಿರುತ್ತದೆ. ಅದನ್ನು ಬೇಗ ಮುಗಿಸಿದವರು ಗೆದ್ದಂತೆ. ಫ್ರಾನ್ಸಿನ ಲೆ ಮಾನ್‌ನಲ್ಲಿ ನಿಗದಿಯಾಗಿರುವುದು ಸಮಯ. ಶನಿವಾರ ಮಧ್ಯಾಹ್ನ ಹೊರಟ ಕಾರುಗಳು ಭಾನುವಾರ ಮಧ್ಯಾಹ್ನದವರೆಗೆ ಓಡುತ್ತಲೇ ಇರಬೇಕು. ಆ 24 ಗಂಟೆಗಳಲ್ಲಿ ಹೆಚ್ಚು ದೂರ ಕ್ರಮಿಸಿದ ಕಾರಿಗೆ ಗೆಲುವು. ಹಾಗಾಗಿ ಇಲ್ಲಿ ವೇಗವೊಂದೇ ಸಾಲದು. ರಾತ್ರಿಯಿಡೀ ಮುಂದಿದ್ದ ಕಾರು ಬೆಳಗಿನ ಜಾವ ಕೆಟ್ಟು ನಿಂತರೆ ಅಷ್ಟೂ ಓಟ ವ್ಯರ್ಥ.

ಈ ರೇಸು ಹುಟ್ಟಿದ್ದೇ ಕಾರುಗಳನ್ನು ಪರೀಕ್ಷಿಸಲಿಕ್ಕೆ. 1920ರ ದಶಕದ ಆರಂಭದಲ್ಲಿ ಕಾರಿನ ವಿದ್ಯುತ್ ದೀಪಗಳನ್ನು ನಂಬಿ ರಾತ್ರಿ ಪ್ರಯಾಣ ಹೊರಡುವುದು ಕಷ್ಟವಿತ್ತು. ಸ್ಥಳೀಯ ಆಟೊಮೊಬೈಲ್ ಕ್ಲಬ್ಬಿನ ಜಾರ್ಜ್ ದ್ಯುರಾಂ, ಪತ್ರಕರ್ತ ಶಾರ್ಲ್ ಫಾರು ಮತ್ತು ಚಕ್ರ ತಯಾರಿಕಾ ಸಂಸ್ಥೆಯೊಂದರ ಎಮಿಲ್ ಕೊಕಿಯ್ ಸೇರಿ, ರಾತ್ರಿಯನ್ನೂ ಒಳಗೊಂಡ ಸ್ಪರ್ಧೆಯೊಂದನ್ನು ಯೋಜಿಸಿದರು. 1923ರ ಮೇ 26ರಂದು 17 ಕಿ.ಮೀ.ಗೂ ಉದ್ದದ ಸಾರ್ವಜನಿಕ ರಸ್ತೆಯ ಸುತ್ತಿನಲ್ಲಿ 33 ಕಾರುಗಳು ಮಳೆಯಲ್ಲೇ ಹೊರಟವು. ಲಗಾಶ್ ಮತ್ತು ಲೆಯೊನಾರ್ ಓಡಿಸಿದ ಶೆನಾರ್-ವಾಲ್ಕರ್ ಕಾರು 2,209 ಕಿ.ಮೀ. ಓಡಿ ಎಲ್ಲರಿಗಿಂತ ಮುಂದೆ ಬಂತು.

ಆದರೆ ಆ ರೇಸಿನ ದೊಡ್ಡ ಪಾಠ ಇರುವುದು ಸೋತ ಕಾರೊಂದರಲ್ಲಿ. ಜಾನ್ ಡಫ್ ಮತ್ತು ಫ್ರಾಂಕ್ ಕ್ಲೆಮೆಂಟ್ ಅವರ ಬೆಂಟ್ಲಿಗೆ ಹಿಂದಿನ ಚಕ್ರಗಳಲ್ಲಿ ಮಾತ್ರ ಬ್ರೇಕ್ ಇತ್ತು. ರಸ್ತೆಯಿಂದ ಚಿಮ್ಮಿದ ಕಲ್ಲು ಹೆಡ್‌ಲೈಟ್ ಒಡೆಯಿತು. ಇನ್ನೊಂದು ಕಲ್ಲು ಇಂಧನದ ಟ್ಯಾಂಕಿಗೆ ತೂತು ಮಾಡಿತು. ಪೆಟ್ರೋಲ್ ಸೋರಿ ಕಾರು ನಡುದಾರಿಯಲ್ಲಿ ನಿಂತಾಗ ಡಫ್, ಕಾರಿಗೆ ಇಂಧನ ತುಂಬಿಸಿ ದುರಸ್ತಿ ಮಾಡುವ ತಾಣವಾದ ಪಿಟ್‌ವರೆಗೆ ಓಡಿಬಂದರು. ಕ್ಲೆಮೆಂಟ್ ಯಾರದೋ ಸೈಕಲ್ ಕೇಳಿ ಪಡೆದು, ಪೆಟ್ರೋಲ್ ಹೊತ್ತೊಯ್ದು, ತೂತು ಮುಚ್ಚಿ ಕಾರನ್ನು ಮತ್ತೆ ಓಡಿಸಿದರು. ಮರುವರ್ಷ ಇಬ್ಬರೂ ಬೆಂಟ್ಲಿಯಲ್ಲೇ ಬಂದರು. ಈ ಸಲ ನಾಲ್ಕೂ ಚಕ್ರಗಳಿಗೆ ಬ್ರೇಕ್, ದೀಪಗಳಿಗೆ ತಂತಿಜಾಲರಿ, ಟ್ಯಾಂಕಿಗೆ ಚಾಪೆಯ ಹೊದಿಕೆ ಇದ್ದವು. ಗೆದ್ದರು.

ಲೆ ಮಾನ್ ಅತಿ ಕಠಿಣವಾಗಿ ಪರೀಕ್ಷಿಸಿದ್ದು ಬ್ರೇಕನ್ನು. 1989ರವರೆಗೆ ಇಲ್ಲಿ ಸುಮಾರು ಆರು ಕಿ.ಮೀ. ಉದ್ದದ, ತಡೆಯಿಲ್ಲದ ನೇರ ರಸ್ತೆಯಿತ್ತು. ಅದು ಮುಗಿಯುತ್ತಿದ್ದುದು ಬಿಗಿ ತಿರುವಿನಲ್ಲಿ. ಒಂದು ಟನ್ ತೂಕದ ಕಾರು ಗಂಟೆಗೆ 240 ಕಿ.ಮೀ. ವೇಗದಿಂದ 60ಕ್ಕೆ ಇಳಿಯಬೇಕೆಂದರೆ ಸುಮಾರು 20 ಲಕ್ಷ ಜೂಲ್ ಚಲನಶಕ್ತಿ ಕೆಲವೇ ಸೆಕೆಂಡುಗಳಲ್ಲಿ ಎಲ್ಲಿಗಾದರೂ ಹೋಗಬೇಕು. ಅದರ ಬಹುಪಾಲು ಬ್ರೇಕಿನಲ್ಲಿ ಶಾಖವಾಗುತ್ತದೆ. ಅಷ್ಟು ಶಾಖದಲ್ಲಿ ಆರು ಲೀಟರ್ ತಣ್ಣೀರು ಕುದಿಯುವ ಹಂತಕ್ಕೆ ಬರುತ್ತದೆ. ಇದು ಒಂದು ತಿರುವಿನ ಲೆಕ್ಕ ಮಾತ್ರ.

ಹಳೆಯ ಡ್ರಮ್ ಬ್ರೇಕ್ ಈ ಶಾಖದೆದುರು ಸೋಲುತ್ತಿತ್ತು. ಅದರಲ್ಲಿ ಬ್ರೇಕ್ ಶೂಗಳು ಡ್ರಮ್ಮಿನ ಒಳಗೋಡೆಯನ್ನು ಒತ್ತುತ್ತವೆ. ಬಿಸಿಯಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಪೆಡಲ್ ಇನ್ನಷ್ಟು ಕೆಳಗಿಳಿಯುತ್ತದೆ. ಒಳಗಿನ ಶಾಖ ಹೊರಹೋಗಲು ದಾರಿಯೂ ಕಡಿಮೆ. ಘಾಟಿ ಇಳಿಯುವ ಲಾರಿಗಳ ಬ್ರೇಕ್ ಕಾದು ಹಿಡಿತ ತಪ್ಪುವುದಕ್ಕೂ ಇದೇ ಕಾರಣ. ಡಿಸ್ಕ್ ಬ್ರೇಕಿನಲ್ಲಿ ಚಕ್ರದೊಂದಿಗೆ ತಿರುಗುವ ತಟ್ಟೆಯನ್ನು ಎರಡು ಪ್ಯಾಡುಗಳು ಎರಡೂ ಬದಿಯಿಂದ ಅದುಮಿ ಹಿಡಿಯುತ್ತವೆ. ತಟ್ಟೆ ಕಾದು ದಪ್ಪಗಾದರೂ ಪ್ಯಾಡಿನ ಕಡೆಗೇ ಬರುತ್ತದೆ. ಗಾಳಿಗೆ ತೆರೆದಿರುವುದರಿಂದ ಬೇಗ ತಣ್ಣಗಾಗುತ್ತದೆ.

1953ರಲ್ಲಿ ಜಾಗ್ವಾರ್ ಕಂಪನಿ, ಡನ್‌ಲಪ್ ವಿಮಾನಗಳಿಗಾಗಿ ಬೆಳೆಸಿದ್ದ ಈ ತಂತ್ರವನ್ನು ತನ್ನ ಸಿ-ಟೈಪ್ ಕಾರುಗಳಿಗೆ ಅಳವಡಿಸಿ ಲೆ ಮಾನ್‌ಗೆ ಬಂತು. ಎದುರಾಳಿಗಳು ಮೊದಲೇ ಬ್ರೇಕ್ ಒತ್ತಬೇಕಾದಲ್ಲಿ ಜಾಗ್ವಾರ್ ಚಾಲಕರು ಇನ್ನಷ್ಟು ದೂರ ಪೂರ್ಣ ವೇಗದಲ್ಲೇ ಹೋಗಬಲ್ಲವರಾದರು. ರೋಲ್ಟ್ ಮತ್ತು ಹ್ಯಾಮಿಲ್ಟನ್ ಜೋಡಿ 4,000 ಕಿ.ಮೀ. ದಾಟಿ ಗೆದ್ದಿತು, ಎರಡನೇ ಮತ್ತು ನಾಲ್ಕನೇ ಸ್ಥಾನಗಳೂ ಜಾಗ್ವಾರ್‌ಗೇ. ಎರಡೇ ವರ್ಷಗಳಲ್ಲಿ ಸಿಟ್ರೊಯೆನ್ ಡಿಎಸ್ ಎಂಬ ಕುಟುಂಬದ ಕಾರಿನ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು.

ಯಂತ್ರವನ್ನು ಇಷ್ಟು ಶ್ರದ್ಧೆಯಿಂದ ಪರೀಕ್ಷಿಸಿದ ಈ ರೇಸು ಸುತ್ತ ನಿಂತ ಮನುಷ್ಯರನ್ನು ಮರೆತಿತ್ತು. 1955ರ ಜೂನ್ 11ರಂದು ಪಿಟ್‌ಗೆ ಬರಲು ಚಾಲಕ ಹಾಥಾರ್ನ್ ತಮ್ಮ ಜಾಗ್ವಾರ್‌ನ ವೇಗ ಇಳಿಸಿದರು. ಹಿಂದಿದ್ದ ಆಸ್ಟಿನ್-ಹೀಲಿ ಅದನ್ನು ತಪ್ಪಿಸಲು ಪಕ್ಕಕ್ಕೆ ಸರಿಯಿತು. ಅದರ ಹಿಂದೆ ವೇಗವಾಗಿ ಬಂದ ಪಿಯರ್ ಲವೇ ಅವರ ಮರ್ಸಿಡಿಸ್, ಹೀಲಿಗೆ ಬಡಿದು ಚಿಮ್ಮಿತು. ಒಡೆದ ಕಾರಿನ ಭಾಗಗಳು ಜನರ ಗುಂಪಿನ ಮೇಲೆರಗಿದವು. ಲವೇ ಸೇರಿ ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಪಿಟ್‌ಗೂ ಓಟದ ದಾರಿಗೂ ನಡುವೆ ಅಡ್ಡಗೋಡೆಯೇ ಇರಲಿಲ್ಲ. ಮರುವರ್ಷದ ಹೊತ್ತಿಗೆ ಪಿಟ್ ಪ್ರದೇಶವನ್ನೇ ಹೊಸದಾಗಿ ಕಟ್ಟಿದರು. ಆದರೂ ಇನ್ನೊಂದು ಅಪಾಯ ಉಳಿದಿತ್ತು. ರೇಸಿನ ಆರಂಭದಲ್ಲಿ ಚಾಲಕರು ಕಾರಿನತ್ತ ಓಡಿ, ಏರಿ ಹೊರಡುವ ಪದ್ಧತಿಯಿತ್ತು; ಆತುರದಲ್ಲಿ ಸೀಟ್ ಬೆಲ್ಟ್ ಕಟ್ಟಿಕೊಳ್ಳಲು ಹಲವರಿಗೆ ಪುರುಸೊತ್ತಿರುತ್ತಿರಲಿಲ್ಲ. 1969ರಲ್ಲಿ ಚಾಲಕ ಜಾಕಿ ಇಕ್ಸ್ ಇದನ್ನು ಪ್ರತಿಭಟಿಸಿ ನಿಧಾನವಾಗಿ ನಡೆದುಹೋದರು. ಬೆಲ್ಟ್ ಬಿಗಿದುಕೊಂಡು ಎಲ್ಲರಿಗಿಂತ ಕೊನೆಗೆ ಹೊರಟರು. ಅದೇ ರೇಸಿನ ಮೊದಲ ಸುತ್ತಿನಲ್ಲಿ ಜಾನ್ ವುಲ್ಫ್ ಎಂಬ ಚಾಲಕ ಅಪಘಾತದಲ್ಲಿ ತೀರಿಕೊಂಡರು. ಮರುದಿನ ಇಕ್ಸ್ ನೂರಿಪ್ಪತ್ತು ಮೀಟರಿನಷ್ಟು ಅಂತರದಲ್ಲಿ ಗೆದ್ದರು. ಮರುವರ್ಷದಿಂದ ಆ ಪದ್ಧತಿಯೇ ನಿಂತಿತು.

ಬ್ರೇಕಿನಲ್ಲಿ ಶಾಖವಾಗಿ ಹೋಗುವ ಶಕ್ತಿಯನ್ನು ಉಳಿಸಿಕೊಳ್ಳಲು ಮಾತ್ರ ಇನ್ನೂ ದಶಕಗಳು ಬೇಕಾದವು. 2012ರಲ್ಲಿ ಗೆದ್ದ ಆಡಿಯ ಹೈಬ್ರಿಡ್ ಕಾರಿನಲ್ಲಿ, ಬ್ರೇಕ್ ಒತ್ತಿದಾಗ ಮುಂದಿನ ಚಕ್ರಗಳ ಮೋಟಾರು ಜನರೇಟರಿನಂತೆ ಕೆಲಸ ಮಾಡುತ್ತಿತ್ತು. ಆ ವಿದ್ಯುತ್ತು ಕಾರಿನೊಳಗಿನ, ತಿರುಗುತ್ತಾ ಶಕ್ತಿ ಕೂಡಿಡುವ ಫ್ಲೈವೀಲ್ ಎಂಬ ಗಾಲಿಯನ್ನು ನಿಮಿಷಕ್ಕೆ 45,000 ಸುತ್ತುಗಳವರೆಗೆ ತಿರುಗಿಸುತ್ತಿತ್ತು. ತಿರುವು ದಾಟಿದ ಮೇಲೆ ಅದೇ ಶಕ್ತಿ ಮರಳಿ ಚಕ್ರಗಳಿಗೆ ಬರುತ್ತಿತ್ತು. ಉಳಿಸಿದ ಶಕ್ತಿಯೆಂದರೆ ಉಳಿದ ಇಂಧನ. ಪಿಟ್‌ನಲ್ಲಿ ನಿಲ್ಲುವ ಸಮಯವೂ ಉಳಿತಾಯ. 2022ರಿಂದ ಇಲ್ಲಿನ ಕಾರುಗಳು ಓಡುತ್ತಿರುವುದು ವೈನ್ ತಯಾರಿಕೆಯ ಉಳಿಕೆಗಳಿಂದ ಮಾಡಿದ ಇಂಧನದಲ್ಲಿ.

ಡಿಸ್ಕ್ ಬ್ರೇಕಾಗಲಿ ಹೈಬ್ರಿಡ್ ಆಗಲಿ ಲೆ ಮಾನ್‌ನಲ್ಲಿ ಹುಟ್ಟಿದ್ದಲ್ಲ. ಅವುಗಳ ತಾಳಿಕೆಯನ್ನು ಎಲ್ಲರ ಕಣ್ಣೆದುರು ಒರೆಗೆ ಹಚ್ಚಿದ್ದು ಈ ರೇಸು. ಪ್ರಯೋಗಶಾಲೆಯಲ್ಲಿ ಒಂದು ಗಂಟೆ ಚೆನ್ನಾಗಿ ನಡೆದ ಭಾಗವನ್ನು ಮಳೆ, ಕತ್ತಲು, ದಣಿದ ಚಾಲಕ ಎಲ್ಲವೂ ಸೇರಿ ಒಂದು ಹಗಲು-ರಾತ್ರಿ ಪೀಡಿಸಿದ ಮೇಲೂ ಅದು ಕೆಲಸ ಮಾಡಿದರೆ, ಅದನ್ನು ನಂಬಿ ಮನೆಮಂದಿಯನ್ನು ಕೂರಿಸಿಕೊಂಡು ಘಾಟಿ ಇಳಿಯಬಹುದು. ನೂರು ವರ್ಷ ದಾಟಿದ ಈ ಓಟಕ್ಕೆ ಇದಕ್ಕಿಂತ ದೊಡ್ಡ ಸಾರ್ಥಕತೆ ಬೇಕಿಲ್ಲ.