ಫ್ರೆಂಚ್ ಪೂರ್ವಜರ ಹುಡುಕಾಟ: ಅಜ್ಜನ ಕೈಬರಹದ ಪುಸ್ತಕ ಯಾಕೆ ಮುಖ್ಯ?

ನಮ್ಮ ಕಡೆ ಮನೆತನದ ವಂಶಾವಳಿ ಬೇಕಂದ್ರೆ ಹೆಳವರನ್ನು ಕೇಳ್ತಾರೆ. ಫ್ರಾನ್ಸ್‌ನಲ್ಲಿ ಆ ಕೆಲಸ ಮಾಡೋದು ಊರಿನ ದಾಖಲೆ ಪುಸ್ತಕಗಳು. ಪಾದ್ರಿಗಳು ಮಕ್ಕಳ ದೀಕ್ಷಾಸ್ನಾನದ ವಿವರ ಬರೆದಿಡಬೇಕು ಎಂದು 1539ರಲ್ಲೇ ರಾಜಾಜ್ಞೆ ಬಂದಿತ್ತು. 1792ರಲ್ಲಿ ಜನನ, ಮದುವೆ, ಮರಣದ ನೋಂದಣಿ ಚರ್ಚ್‌ನಿಂದ ಊರಿನ ಆಡಳಿತದ ಕೈಗೆ ಬಂತು. ಈಗ ಇವುಗಳಲ್ಲಿ ಬಹುಪಾಲು ಆನ್‌ಲೈನ್‌ನಲ್ಲೇ ನೋಡಬಹುದು.

ಆದರೆ ಈ ಪುಸ್ತಕಗಳು ಊರಿಗೊಂದರಂತೆ ಇವೆ. ಊರಿನ ಹೆಸರೇ ಗೊತ್ತಿಲ್ಲ ಅಂದ್ರೆ ಹುಡುಕೋದು ಕಷ್ಟ. ಆ ಹೆಸರು ಸಿಗೋದು ಹೆಚ್ಚಾಗಿ ಮನೆಯಲ್ಲೇ: ಹಳೇ ಪತ್ರ, ಬೈಬಲ್‌ನ ಮೊದಲ ಪುಟ, ಅಜ್ಜ ಬರೆದಿಟ್ಟ ನೆನಪಿನ ಪುಸ್ತಕ.

ಓದುವಾಗ ಎರಡು ವಿಷಯ ಗಮನಿಸಬೇಕು. ಹೆಂಗಸರ ಹೆಸರು ದಾಖಲೆಯಲ್ಲಿ ತವರಿನ ಮನೆತನದ ಹೆಸರಿನಲ್ಲೇ ಇರುತ್ತದೆ. ಇನ್ನು ‘ವರ್ಷ 8’ ಅಂತ ಕಂಡರೆ ಅದು ಕ್ರಾಂತಿ ಕಾಲದ ಕ್ಯಾಲೆಂಡರ್, ಅಂದರೆ 1799-1800.

ಬಾಯಿಮಾತು, ಕೈಬರಹ ಎರಡನ್ನೂ ದಾಖಲೆ ಜೊತೆ ತಾಳೆ ನೋಡಲೇಬೇಕು. ಮನೆಯ ಕಥೆಯಲ್ಲಿ ಇಸವಿ, ಹೆಸರು ತಪ್ಪಿರೋದು ಸಾಮಾನ್ಯ.

ಪ್ಯಾರಿಸ್‌ನಲ್ಲಿ ಮಾತ್ರ ಕಥೆ ಉಲ್ಟಾ. 1871ರ ಮೇ ತಿಂಗಳ ದಂಗೆಯ ಬೆಂಕಿಯಲ್ಲಿ 1860ಕ್ಕಿಂತ ಹಿಂದಿನ ದಾಖಲೆಗಳ ಎರಡೂ ಪ್ರತಿ ಸುಟ್ಟುಹೋದವು. ಆಮೇಲೆ ಚರ್ಚ್ ಪುಸ್ತಕಗಳು ಮತ್ತು ಜನರ ಮನೆಯಲ್ಲಿದ್ದ ಕಾಗದಪತ್ರ ಸೇರಿಸಿ ಸುಮಾರು ಮೂರನೇ ಒಂದು ಭಾಗವನ್ನು ಮತ್ತೆ ಬರೆಸಲಾಯಿತು. ಉಳಿದವರ ಪಾಲಿಗೆ ಪೆಟ್ಟಿಗೆಯ ತಳದಲ್ಲಿರುವ ಹಳದಿ ಹಾಳೆಯೇ ಏಕೈಕ ಸಾಕ್ಷಿ ಆಗಿರಬಹುದು. ಮನೆ ಖಾಲಿ ಮಾಡುವಾಗ ಅದನ್ನು ರದ್ದಿಗೆ ಹಾಕೋ ಮುಂಚೆ ಒಮ್ಮೆ ಓದಿ ನೋಡೋದು ಒಳ್ಳೇದು.